ಓಟಕ್ಕೊಂದು ಕಾರಣ

ಐವತ್ತೇಳನೆಯ ವಯಸ್ಸಿನಲ್ಲಿ ನಾನು ನಲವತ್ತೆರಡು ಕಿಲೋಮೀಟರು ಓಡಿದೆನೆಂದರೆ ನಂಬುವವರು ಕಡಿಮೆ. ನನ್ನನ್ನು ಬಲ್ಲವರಂತೂ ನಂಬುವುದೇ ಇಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನ ಕುರ್ಚಿ ಸವೆಸಿದವನು ನಾನು. ಬಸ್ಸು ಹೊರಟುಬಿಟ್ಟರೆ, ಇನ್ನೊಂದು ಬಂದೀತು ಎಂದು ನಿಂತುಕೊಳ್ಳುವವರ ಪೈಕಿಯೇ ಹೊರತು ಅದರ ಬೆನ್ನು ಹತ್ತಿ ಓಡಿದವನಲ್ಲ. ಶಾಲೆಯಲ್ಲಿ ಆಟೋಟದ ದಿನ ಬಂತೆಂದರೆ ನನಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು.

ಇಂಥವನನ್ನು ಓಟಕ್ಕೆ ಹಚ್ಚಿದ್ದು ಮೊದಲು ಸಕ್ಕರೆ ಕಾಯಿಲೆ, ಆಮೇಲೆ ಒಂದು ನಾಯಿ. ರಕ್ತದಲ್ಲಿ ಸಕ್ಕರೆ ಏರಿದೆ, ದಿನಾ ನಡೆಯಿರಿ ಎಂದು ವೈದ್ಯರು ಹೇಳಿದರು. ಲಾಲ್‌ಬಾಗಿನಲ್ಲಿ ನಡೆಯತೊಡಗಿದೆ. ಅಲ್ಲಿ ಬೆಳಿಗ್ಗೆ ನಡೆಯುವವರಲ್ಲಿ ಕಾಲಿಗಿಂತ ನಾಲಗೆಗೆ ವ್ಯಾಯಾಮ ಹೆಚ್ಚು. ನನಗೂ ಅದು ಚೆನ್ನಾಗಿ ಒಗ್ಗಿತು. ಒಂದು ದಿನ ಗೇಟಿನಾಚೆ ಬೀದಿನಾಯಿಯೊಂದು ನನ್ನಲ್ಲಿ ಯಾವ ದೋಷ ಕಂಡಿತೋ, ಅಟ್ಟಿಸಿಕೊಂಡು ಬಂತು. ಓಡಿದೆ. ನಾಯಿ ನಿಂತ ಮೇಲೂ ಸ್ವಲ್ಪ ದೂರ ಓಡಿದೆ. ನಿಂತು ನೋಡಿಕೊಂಡರೆ ಪ್ರಾಣ ಹೋಗಿರಲಿಲ್ಲ. ಹೋಗುವ ಲಕ್ಷಣವೂ ಇರಲಿಲ್ಲ. ಮಾರನೆಯ ದಿನ ನಾಯಿಯ ನೆರವಿಲ್ಲದೆಯೇ ಓಡಿ ನೋಡಿದೆ. ಹೀಗೆ ಮೂರು ವರ್ಷ ನಡೆಯಿತು. ಎರಡು ಸಲ ಅರ್ಧ ಮ್ಯಾರಥಾನನ್ನೂ ಮುಗಿಸಿದೆ.

2023ರ ಮಳೆಗಾಲದಲ್ಲಿ ಲಾಲ್‌ಬಾಗಿನ ಸ್ನೇಹಿತರೊಬ್ಬರು, "ಮುಂಬಯಿಗೆ ಬನ್ನಿ ಸಾರ್, ಪೂರ್ತಿ ಓಟ ಓಡೋಣ" ಎಂದರು. 2004ರಿಂದ ಅಲ್ಲಿ, ಸಾಮಾನ್ಯವಾಗಿ ಜನವರಿ ತಿಂಗಳಲ್ಲಿ, ದೊಡ್ಡ ಮ್ಯಾರಥಾನು ನಡೆಯುತ್ತದೆ. ಸುಮ್ಮನೆ ಓಡುವವರೂ ಉಂಟು. ಒಂದು ಕಾರಣ ಇಟ್ಟುಕೊಂಡು, ಬಂಧುಮಿತ್ರರಿಂದ ಹಣ ಎತ್ತಿ, ಯಾವುದಾದರೂ ಸೇವಾಸಂಸ್ಥೆಗೆ ಕೊಟ್ಟು ಓಡುವವರೂ ಉಂಟು. ಇದೆಲ್ಲಾ ಪರದೇಶದ ಶೋಕಿಯೆಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗೆನಿಸಲಿಲ್ಲ. ಉರುಳುಸೇವೆ ಮಾಡುವವರು ನಾವು. ಬರಿಗಾಲಲ್ಲಿ ಬೆಟ್ಟ ಹತ್ತುವವರು ನಾವು. ಮೈ ದಂಡಿಸಿ ಏನನ್ನಾದರೂ ಬೇಡುವುದು ನಮಗೇನು ಹೊಸತೆ? ಹರಕೆಗೆ ರಸೀತಿ ಕೊಡುವ ಪದ್ಧತಿಯೊಂದು ಇರಲಿಲ್ಲ, ಅಷ್ಟೆ.

"ನಿಮ್ಮ ಕಾರಣ ಯಾವುದು?" ಎಂದು ಸ್ನೇಹಿತರು ಕೇಳಿದರು. ಅವರದು ಅನಾಥ ಮಕ್ಕಳ ಶಾಲೆ. ಇನ್ನೊಬ್ಬರದು ಬೀದಿನಾಯಿಗಳ ಆರೈಕೆ. ನನ್ನ ನಾಯಿಯ ಋಣ ತೀರಿಸುವುದಕ್ಕೆ ಅದೇ ಸರಿಯಿತ್ತೇನೋ. ಆದರೆ ನನ್ನ ಕಾರಣ ಯಾವುದೆಂದು ನನಗೆ ಗೊತ್ತಿತ್ತು. ಬಾಯಲ್ಲಿ ಬರಲಿಲ್ಲ. "ಯೋಚನೆ ಮಾಡಿ ಹೇಳುತ್ತೇನೆ" ಎಂದು ಮನೆಗೆ ಬಂದೆ. ಓಡುವುದಕ್ಕೆ ಅಭ್ಯಾಸ ಮಾಡಲು ನನಗೆ ಐದು ತಿಂಗಳು ಹಿಡಿಯಿತು. ಆ ಒಂದು ಮಾತು ಹೇಳುವುದಕ್ಕೆ ಐವತ್ತು ವರ್ಷ ಹಿಡಿದಿತ್ತು.

1973ರ ದೀಪಾವಳಿ. ಮೈಸೂರಿನ ಅಗ್ರಹಾರದಲ್ಲಿ ನಮ್ಮದೊಂದು ಬಾಡಿಗೆ ಮನೆ. ಹಿಂದಿನ ರಾತ್ರಿ ನೀರು ತುಂಬುವ ಹಬ್ಬ. ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಹಂಡೆ ಬಚ್ಚಲ ಮನೆಯ ಕತ್ತಲಲ್ಲೂ ಹೊಳೆಯುತ್ತಿತ್ತು. ನಸುಕಿನಲ್ಲೆದ್ದು ಅಕ್ಕನಿಗೆ ಎಣ್ಣೆ ಒತ್ತಿ ಮಣೆಯ ಮೇಲೆ ಕೂರಿಸಿದ್ದರು. ಅವಳಿಗಾಗ ಹನ್ನೊಂದು ವರ್ಷ, ನನಗೆ ಏಳು. ಅಮ್ಮ ಹಂಡೆಯಿಂದ ತಂಬಿಗೆಯಲ್ಲಿ ಮೊಗೆದು ಮೊಗೆದು ಅವಳ ನೆತ್ತಿಯ ಮೇಲೆ ಸುರಿಯುತ್ತಿದ್ದಳು. ಮೈ ಕೆಂಪೇರದಿದ್ದರೆ ಅದು ಎಣ್ಣೆನೀರೇ ಅಲ್ಲವೆಂಬುದು ನಮ್ಮ ಕಡೆಯ ನಂಬಿಕೆ. ನಾನು ಟವೆಲು ಸುತ್ತಿಕೊಂಡು ನನ್ನ ಸರದಿಗಾಗಿ ಬಾಗಿಲಲ್ಲಿ ನಿಂತಿದ್ದೆ. ಕಣ್ಣಿಗೆ ಸೀಗೆಪುಡಿ ಬಿತ್ತೆಂದು ಕೂಗಾಡುತ್ತಿದ್ದ ಅಕ್ಕ ಇದ್ದಕ್ಕಿದ್ದಂತೆ ಸುಮ್ಮನಾದಳು. ಏನನ್ನೋ ಜಗಿಯುವವಳಂತೆ ತುಟಿ ಆಡುತ್ತಿತ್ತು. ಕಣ್ಣು ಗೋಡೆಯಲ್ಲಿ ಒಂದೆಡೆ ನೆಟ್ಟಿತ್ತು. "ಏನೇ, ಏನೇ?" ಎಂದು ಅಮ್ಮ ಕೇಳುತ್ತಿದ್ದಂತೆಯೇ ಮಣೆಯಿಂದ ಜಾರಿದಳು. ತಂಬಿಗೆ ಕಲ್ಲಿನ ಮೇಲೆ ಉರುಳಿಕೊಂಡು ಹೋದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಕ್ಕನ ಮೈ ಅದುರುತ್ತಿದ್ದುದಕ್ಕಿಂತ ಆ ಸದ್ದೇ ನನಗೆ ಹೆಚ್ಚು ನೆನಪು.

ಅಜ್ಜಿ ಓಡಿಬಂದು ಅಟ್ಟದ ಕೋಣೆಯ ಕಬ್ಬಿಣದ ಬೀಗದಕೈಯನ್ನು ಅವಳ ಅಂಗೈಯಲ್ಲಿ ಒತ್ತಿ ಹಿಡಿದಳು. ಎರಡು ನಿಮಿಷವಾಗಿರಬಹುದು, ಅಕ್ಕ ಸುಧಾರಿಸಿಕೊಂಡಳು. ಬೀಗದಕೈ ಇಲ್ಲದಿದ್ದರೂ ಸುಧಾರಿಸಿಕೊಳ್ಳುತ್ತಿದ್ದಳು. ಆದರೆ ಯಶಸ್ಸು ಬೀಗದಕೈಗೆ ಹೋಯಿತು. ಆ ದಿನದಿಂದ ಅದು ಬಚ್ಚಲಿನ ಮೊಳೆಯಲ್ಲೇ ತೂಗಾಡಿತು. ತಲೆಗೆ ನೀರು ಹಾಕಿದ ದಿನ ಮಾತ್ರ ಹೀಗಾಗುತ್ತದೆ ಎಂದು ಮೊದಲು ಗಮನಿಸಿದವಳು ಅಜ್ಜಿಯೇ. ಬುದ್ಧಿವಂತೆ. ಆದರೆ, "ಈ ಬಚ್ಚಲಲ್ಲಿ ಏನೋ ಇದೆ" ಎಂಬಲ್ಲಿಗೆ ಅವಳ ತರ್ಕ ನಿಂತುಹೋಯಿತು. ತಾಯಿತ ಕಟ್ಟಿಸಿದ್ದಾಯಿತು. ಬಚ್ಚಲಿಗೆ ಕುಂಬಳಕಾಯಿ ನಿವಾಳಿಸಿದ್ದಾಯಿತು. ಕೊನೆಗೆ ಅಪ್ಪ ಮನೆಯನ್ನೇ ಬದಲಾಯಿಸಿದರು. ಬಚ್ಚಲಿನದು ನಮ್ಮೊಡನೆಯೇ ಗಾಡಿ ಹತ್ತಿ ಬಂತು.

ಎಷ್ಟೋ ವರ್ಷಗಳಾದ ಮೇಲೆ ನಾನು ಓದಿ ತಿಳಿದದ್ದನ್ನು ಇಲ್ಲಿ ಹೇಳಿಬಿಡಬೇಕು. ಬಿಸಿನೀರನ್ನು ತಲೆಯ ಮೇಲೆ ಹೊಯ್ದುಕೊಂಡಾಗ ಬರುವ ಮೂರ್ಛೆಯೆಂಬುದೊಂದು ಇದೆ. ಲೋಕದ ಬೇರೆ ಕಡೆ ಅಪರೂಪ; ನಮ್ಮ ದಕ್ಷಿಣ ಕರ್ನಾಟಕದಲ್ಲಿ ಅಷ್ಟು ಅಪರೂಪವಲ್ಲ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿಯವರೂ ಅವರ ಸಹೋದ್ಯೋಗಿಗಳೂ 1968ರಲ್ಲಿಯೇ ಇದನ್ನು ಕುರಿತು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ನಾವು ಮೈಸೂರಿನಲ್ಲಿ ಕುಂಬಳಕಾಯಿ ಒಡೆಯುವುದಕ್ಕೆ ಐದು ವರ್ಷ ಮೊದಲು! ನಡುವೆ ಇದ್ದದ್ದು ನೂರನಲವತ್ತು ಕಿಲೋಮೀಟರು. ರೈಲಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ನಮಗೆ ಆ ದಾರಿ ಸಾಗುವುದಕ್ಕೆ 1975 ಬರಬೇಕಾಯಿತು. ಬೆಂಗಳೂರಿನಲ್ಲಿ ನೋಡಿದ ವೈದ್ಯರು, "ತಲೆಗೆ ಬಿಸಿನೀರು ಹಾಕಿದಾಗ ಮಾತ್ರವೋ?" ಎಂದು ಕೇಳಿದರಂತೆ, ನಿಮ್ಮದು ಯಾವೂರು ಎಂದು ಕೇಳುವ ಧ್ವನಿಯಲ್ಲಿ. ಅಪ್ಪನಿಗೆ ಕಣ್ಣಲ್ಲಿ ನೀರು ಬಂತಂತೆ. ನೀರಿನ ಬಿಸಿ ಇಳಿಸಿ, ಈ ಮಾತ್ರೆ ಕೊಡಿ, ಹೆದರಬೇಡಿ ಎಂದರು. ಅಲ್ಲಿಂದ ನಮ್ಮ ಮನೆಯಲ್ಲಿ ಒಂದು ಮಾತು ಹುಟ್ಟಿಕೊಂಡಿತು. ಅಕ್ಕ ಬಚ್ಚಲಿಗೆ ಹೋದಾಗಲೆಲ್ಲ ಹೊರಗಿನಿಂದ ಯಾರಾದರೊಬ್ಬರು, "ನೀರು ತೀರಾ ಬಿಸಿ ಬೇಡ" ಎಂದು ಕೂಗುವರು. ಅವಳು ಒಳಗಿನಿಂದ, "ಗೊತ್ತು" ಎನ್ನುವಳು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕೆಲವರಲ್ಲಿ ಕ್ರಮೇಣ ನೀರಿನ ನೆಪವಿಲ್ಲದೆಯೂ ಬರತೊಡಗುತ್ತದೆ. ಅಕ್ಕನಿಗೆ ಹಾಗಾಯಿತು. ಮಾತ್ರೆಗಳು ಹೆಚ್ಚಿದವು, ಮನೆಯಲ್ಲಿ ಗುಟ್ಟೂ ಹೆಚ್ಚಿತು.

1979. ಅವಳಿಗೆ ಹದಿನೇಳು, ನನಗೆ ಹದಿಮೂರು. ವರಮಹಾಲಕ್ಷ್ಮೀ ಹಬ್ಬದ ಹೂವಿಗೆಂದು ದೇವರಾಜ ಮಾರುಕಟ್ಟೆಗೆ ಹೋಗಿದ್ದೆವು. ಹೂವಿನ ಸಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಅಕ್ಕ ಸೇವಂತಿಗೆಯ ಬೆಲೆ ಕೇಳುತ್ತಿದ್ದವಳು ಅರ್ಧ ಮಾತಿನಲ್ಲಿ ನಿಂತು, ಕೆಳಗೆ ಬಿದ್ದಳು. ಕ್ಷಣದ ಹಿಂದೆ ಉಸಿರಾಡಲೂ ಸ್ಥಳವಿಲ್ಲದಿದ್ದ ಆ ಸಾಲಿನಲ್ಲಿ, ಅವಳ ಸುತ್ತ ಒಂದು ದೊಡ್ಡ ಬಯಲು ಹುಟ್ಟಿಕೊಂಡಿತು. ಜನ ಹಿಂದೆ ಸರಿದು ನಿಂತರು. "ಮುಟ್ಟಬೇಡಿ" ಎಂದರು ಯಾರೋ. "ಚಪ್ಪಲಿ ಮೂಸಿಸಿ" ಎಂದರು ಇನ್ನು ಯಾರೋ. ನಾನೂ ಹಿಂದೆ ಸರಿದೆ. ಸರಿದು ಗುಂಪಿನಲ್ಲಿ ನಿಂತುಕೊಂಡೆ.

ಹೂವಾಡಗಿತ್ತಿಯೊಬ್ಬಳು ಮೊರ ಪಕ್ಕಕ್ಕೆ ತಳ್ಳಿ ಎದ್ದು ಬಂದು, ಅಕ್ಕನನ್ನು ಮಗ್ಗುಲಾಗಿ ತಿರುಗಿಸಿ, ಒದ್ದೆ ಗೋಣಿ ಮಡಿಸಿ ತಲೆಯ ಕೆಳಗಿಟ್ಟಳು. ಯಾರು ಕಲಿಸಿದ್ದರೋ ತಿಳಿಯದು. ಇವತ್ತಿನ ವೈದ್ಯರು ಹೇಳುವುದೂ ಅದನ್ನೇ. ಆಮೇಲೆ ತಲೆಯೆತ್ತಿ, "ಯಾರ ಮಗು ಇದು? ಜೊತೆಗೆ ಯಾರೂ ಇಲ್ವಾ?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಅವಳು ಎರಡನೆಯ ಸಲ ಕೇಳಿದಳು. ಆಗಲೂ ಕೊಡಲಿಲ್ಲ. ಒಂದು ನಿಮಿಷವಾಗಿರಬಹುದು, ಹೆಚ್ಚೇನೂ ಇಲ್ಲ. ಅಕ್ಕ ಕಣ್ಣು ಬಿಟ್ಟು, ಸುತ್ತ ನೋಡಿ, ಗುಂಪಿನಲ್ಲಿದ್ದ ನನ್ನನ್ನು ಗುರುತಿಸಿ ಹೆಸರು ಹಿಡಿದು ಕರೆದಳು. ಆಗ ಹೋದೆ. ದಾರಿಯುದ್ದಕ್ಕೂ ಅವಳು ಅದರ ಮಾತೆತ್ತಲಿಲ್ಲ. ಇಂದಿನವರೆಗೂ ಎತ್ತಿಲ್ಲ. ಅವಳಿಗೆ ನೆನಪಿಲ್ಲದೆಯೂ ಇರಬಹುದು. ಆ ಕಾಯಿಲೆಯಲ್ಲಿ ಹಾಗೆ ಮರೆವಾಗುವುದುಂಟು. ನನಗೆ ಕಾಯಿಲೆ ಇರಲಿಲ್ಲ.

ಮದುವೆಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. 1986ರಲ್ಲಿ ಆಯಿತು. ನಾವು ಹೇಳಲಿಲ್ಲ. ಎಂಟು ತಿಂಗಳಿಗೆ ಅವಳು ಹಿಂದಿರುಗಿದಳು. ಹಿಂದೆಯೇ ವಕೀಲರ ನೋಟೀಸು ಬಂತು. ಹಿಂದೂ ವಿವಾಹ ಕಾನೂನಿಗೆ 1976ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಪದೇಪದೇ ಹುಚ್ಚು ಅಥವಾ ಮೂರ್ಛೆ ಬರುವವರು ಮದುವೆಗೆ ಅರ್ಹರಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ, ಒಂದೇ ಸಾಲಿನಲ್ಲಿ ಸೇರಿಸಿದ್ದರು. ಅಂಥ ಮದುವೆಯನ್ನು ರದ್ದುಪಡಿಸಲು ನ್ಯಾಯಾಲಯಕ್ಕೆ ಹೋಗಬಹುದಿತ್ತು. ಅವರು ಹೋದರು, ರದ್ದಾಯಿತು. ಅವರನ್ನು ದೂರುವ ಬಾಯಿ ನಮಗಿಲ್ಲ, ಮುಚ್ಚಿಟ್ಟವರು ನಾವು. ಆದರೆ ಹೇಳಿದ್ದರೆ ಮದುವೆಯೇ ಆಗುತ್ತಿರಲಿಲ್ಲ. ಹಾಗಾಗಿ ಮುಚ್ಚಿಡುವುದು ಆಗ ಒಂದು ಊರಿನ ಪದ್ಧತಿಯಂತೆಯೇ ಇತ್ತು. 1999ರಲ್ಲಿ ಇನ್ನೊಂದು ತಿದ್ದುಪಡಿ ತಂದು, ಆ ಸಾಲಿನಿಂದ ಮೂರ್ಛೆಯೆಂಬ ಮಾತನ್ನು ತೆಗೆದುಹಾಕಿದರು. ಪತ್ರಿಕೆಯಲ್ಲಿ ಬಂದಿದ್ದ ಸುದ್ದಿಯನ್ನು ನಾನೇ ಅಕ್ಕನಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. "ಹದಿಮೂರು ವರ್ಷ ತಡವಾಯಿತಲ್ಲೋ" ಎಂದು ಹೇಳಿ, ಸಿಪ್ಪೆಯನ್ನು ಬಾಚಿ ಒಳಕ್ಕೆ ತೆಗೆದುಕೊಂಡು ಹೋದಳು.

ಅಷ್ಟುಹೊತ್ತಿಗೆ ಅವಳು ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ವರ್ಷಗಳಾಗಿದ್ದವು. ಉಳಿತಾಯದ ಕೌಂಟರಿನಲ್ಲಿ ಕುಳಿತು, ಒಂದು ಪೈಸೆ ಹೆಚ್ಚು ಕಡಿಮೆಯಿಲ್ಲದಂತೆ ಲೆಕ್ಕವೊಪ್ಪಿಸಿ, 2022ರಲ್ಲಿ ನಿವೃತ್ತಳಾದಳು. ಈಗ ಬೆಂಗಳೂರಿನಲ್ಲಿ ನಮ್ಮೊಡನೆಯೇ ಇದ್ದಾಳೆ. ಹತ್ತೊಂಬತ್ತು ವರ್ಷಗಳಿಂದ ಒಂದು ಸಲವೂ ಮೂರ್ಛೆ ಬಂದಿಲ್ಲ. ರಾತ್ರಿ ಊಟವಾದ ಮೇಲೆ ಮಾತ್ರೆ ನುಂಗುವುದನ್ನು ಒಂದು ದಿನವೂ ತಪ್ಪಿಸಿಲ್ಲ.

ಹಣ ಕೇಳುವುದಕ್ಕೆ ಒಂದು ಪತ್ರ ಬೇಕಲ್ಲ. ಸಾಲ ಕಟ್ಟದವರಿಗೆ ಬರೆದು ಬರೆದು ನನ್ನ ಕೈ ಪಳಗಿತ್ತು. ದಾನ ಕೇಳುವ ಪತ್ರವೇ ಬೇರೆ ಜಾತಿಯದು. ಮೂರು ದಿನ ಹೆಣಗಿ, "ಒಂದು ನರಸಂಬಂಧಿ ಆರೋಗ್ಯ ಕಾರ್ಯದ ಸಲುವಾಗಿ" ಎಂದು ಬರೆದೆ. ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು.

"ಯಾವ ಕಾಯಿಲೆ ಅಂತಲೇ ಇಲ್ಲವಲ್ಲೋ. ತಿಳಿವಳಿಕೆ ಮೂಡಿಸೋದಕ್ಕೆ ಅಂತ ಬರೆದಿದ್ದೀಯ. ಏನನ್ನ ತಿಳಿಯಬೇಕು ಅವರು?"

"ನರಸಂಬಂಧಿ ಅಂದರೆ ಗೊತ್ತಾಗುತ್ತೆ, ಅಕ್ಕ."

"ಸೊಂಟನೋವೂ ನರಸಂಬಂಧೀನೇ."

ಮೂರ್ಛೆರೋಗವೆಂದು ತಿದ್ದಿದೆ. ಅಷ್ಟಕ್ಕೆ ಬಿಡಲಿಲ್ಲ. "ನೀನು ಯಾಕೆ ಓಡ್ತೀಯ ಅಂತ ಕೇಳ್ತಾರೆ. ಅದನ್ನೂ ಬರಿ."

"ನಿನ್ನ ಹೆಸರು ಯಾಕೆ ಸುಮ್ಮನೆ..."

"ಹೆಸರು ಬೇಡ, ನನ್ನಕ್ಕ ಅಂತ ಬರಿ. ಇರೋಳು ನಾನೊಬ್ಬಳೇ. ತಿಳಿಯೋರಿಗೆ ತಿಳಿಯುತ್ತೆ."

'ನನ್ನ ಅಕ್ಕನಿಗೆ ಮೂರ್ಛೆರೋಗವಿತ್ತು' ಎಂದು ಬರೆದೆ. ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, 'ಇತ್ತು' ಎಂಬುದನ್ನು ಹೊಡೆದುಹಾಕಿ 'ಇದೆ' ಎಂದು ಬರೆದಳು. "ಬಂದಿಲ್ಲ ಅಂದರೆ ಹೋಗಿದೆ ಅಂತಲ್ಲ. ದಿನಾ ಮಾತ್ರೆ ನುಂಗೋಳು ನಾನೋ ನೀನೋ?"

ಒಟ್ಟು 163 ಜನಕ್ಕೆ ಕಳಿಸಿದೆ. ಹಳಬರಿಗೆ ಅಂಚೆಯಲ್ಲಿ, ಉಳಿದವರಿಗೆ ವಾಟ್ಸಾಪಿನಲ್ಲಿ. ಮೊದಲು ಬಂದದ್ದು ದುಡ್ಡಲ್ಲ, ಸೋದರತ್ತೆಯ ಮಗನ ಫೋನು. "ಏನಯ್ಯಾ ಇದು? ಮೊಮ್ಮಗಳಿಗೆ ಗಂಡು ನೋಡ್ತಾ ಇದ್ದೇವೆ. ಮನೆತನದಲ್ಲೇ ಇದೆ ಅಂತ ಯಾರಾದರೂ ಆಡಿಕೊಂಡರೆ? ನಿನಗೆ ಓಡೋದಕ್ಕೆ ಬೇರೆ ಕಾಯಿಲೆ ಸಿಕ್ಕಲಿಲ್ವೇ?" ಎಂದರು. "ಹಾಗಲ್ಲ ಭಾವ, ಹಾಗಲ್ಲ" ಎಂದು ತಡವರಿಸಿದೆನೇ ಹೊರತು ಗಟ್ಟಿಯಾಗಿ ಏನೂ ಹೇಳಲಿಲ್ಲ. ಮಾರನೆಯ ದಿನ ಅವರಿಂದ 1,001 ರೂಪಾಯಿ ಬಂತು. ಜೊತೆಗೆ ಒಂದು ಸಾಲು: ಹೆಸರು ಹಾಕಬೇಡ.

ಆಮೇಲೆ ಬಂದವುಗಳನ್ನು ನಾನು ನಿರೀಕ್ಷಿಸಿರಲಿಲ್ಲ. ನನ್ನ ಪಕ್ಕದ ಮೇಜಿನಲ್ಲಿ ಇಪ್ಪತ್ತು ವರ್ಷ ಕುಳಿತು, ನನ್ನೊಡನೆ ಬುತ್ತಿ ಹಂಚಿಕೊಂಡು ಉಂಡವರೊಬ್ಬರು, ಐನೂರು ರೂಪಾಯಿ ಕಳಿಸಿ, "ನಮ್ಮ ಮಗನಿಗೂ ಇದೆ, ಆರನೆಯ ವರ್ಷದಿಂದ" ಎಂದು ಬರೆದರು. ಇಪ್ಪತ್ತು ವರ್ಷ! ಅವರ ಮನೆಯ ಉಪ್ಪಿನಕಾಯಿಗೆ ಯಾವ ಊರಿನ ಮಾವಿನ ಮಿಡಿಯೆಂದು ನನಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ನಾನಾದರೂ ಅವರಿಗೆ ಹೇಳಿದ್ದೆನೆ? ಹೀಗೆ ಹನ್ನೊಂದು ಜನ ಬರೆದರು. ಒಬ್ಬರಿಗೆ ಹೆಂಡತಿ, ಒಬ್ಬರಿಗೆ ತಮ್ಮ, ಒಬ್ಬರಿಗೆ ಸ್ವತಃ ತಮಗೇ. ನಮ್ಮದೇ ಬೀದಿಯ ಹೆಂಗಸೊಬ್ಬರು ದುಡ್ಡು ಕಳಿಸಲಿಲ್ಲ. ಸಂಜೆ ಬಂದು, ಗೇಟಿನ ಹತ್ತಿರವೇ ನಿಂತು ಅಕ್ಕನನ್ನು ಕರೆದು, ಯಾವ ಡಾಕ್ಟರಿಗೆ ತೋರಿಸಿದಿರಿ ಎಂದು ಮೆಲ್ಲಗೆ ಕೇಳಿ ಬರೆದುಕೊಂಡು ಹೋದರು.

ಲೆಕ್ಕಕ್ಕೆ ಇದು ಆಶ್ಚರ್ಯವೇನಲ್ಲ. ಪ್ರಪಂಚದಲ್ಲಿ ಸುಮಾರು 5 ಕೋಟಿ ಜನಕ್ಕೆ ಈ ಕಾಯಿಲೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದಲ್ಲಿಯೇ ಒಂದು ಕೋಟಿಗೂ ಹೆಚ್ಚೆಂದು ಅಂದಾಜು. ಸರಿಯಾಗಿ ಔಷಧ ತೆಗೆದುಕೊಂಡರೆ ನೂರಕ್ಕೆ ಎಪ್ಪತ್ತು ಜನ ಮೂರ್ಛೆಯಿಲ್ಲದೆ ಬದುಕಬಲ್ಲರು. ಔಷಧವೂ ದುಬಾರಿಯದಲ್ಲ. ಫಿನೊಬಾರ್ಬಿಟೋನು 1912ರಿಂದ ಬಳಕೆಯಲ್ಲಿದೆ. ಮಣಿಯವರ ತಂಡ ಯಳಂದೂರಿನ ಸುತ್ತಲ ಹಳ್ಳಿಗಳಲ್ಲಿ ಇಂಥ ಹಳೆಯ, ಅಗ್ಗದ ಎರಡು ಮಾತ್ರೆಗಳಿಂದಲೇ ಚಿಕಿತ್ಸೆ ಮಾಡಿ ತೋರಿಸಿ, ಅದರ ಫಲವನ್ನು 2001ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿತು. ಮಾತ್ರೆ ಇದೆ, ಅದರ ತನಕ ಕಾಲು ಹೋಗದು. ನಾಲಗೆ ಏಳದಿದ್ದರೆ ಕಾಲು ಹೇಗೆ ಏಳಬೇಕು?

ನಾನು ಹಣ ಕೊಡಲು ಆರಿಸಿಕೊಂಡ ಸಂಸ್ಥೆಯವರು ಶಾಲೆಗಳಿಗೆ ಹೋಗಿ ಉಪಾಧ್ಯಾಯರಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡುತ್ತಾರೆ. ಅವರ ಕನ್ನಡ ಕರಪತ್ರವೊಂದನ್ನು ಅಕ್ಕನಿಗೆ ತೋರಿಸಿದೆ. ಅಂಚೆ ಕಚೇರಿಯಲ್ಲಿ ಜನರ ಅರ್ಜಿಗಳನ್ನು ತಿದ್ದಿ ಬಂದ ಕೈ. ಕೆಂಪು ಶಾಯಿ ಧಾರಾಳವಾಗಿ ಓಡಿತು. 'ಅಪಸ್ಮಾರ' ಎಂದರೆ ಯಾರಿಗೂ ತಿಳಿಯದು, ಮೂರ್ಛೆ, ಫಿಟ್ಸು, ಮಲರೋಗ ಎಂದೆಲ್ಲ ಹಾಕಿ ಎಂದಳು. ಜೂಲಿಯಸ್ ಸೀಸರನಿಗೂ ಈ ಕಾಯಿಲೆ ಇತ್ತಂತೆ ಎಂಬ ಸಾಲನ್ನು ಹೊಡೆದುಹಾಕಿದಳು. "ಅವನನ್ನ ಇರಿದು ಕೊಂದರು. ಅದರಿಂದ ನನಗೇನು ಸಮಾಧಾನ?" ದಕ್ಷಿಣ ಆಫ್ರಿಕದ ಜಾಂಟಿ ರೋಡ್ಸನ ಹೆಸರನ್ನು ಮಾತ್ರ ಇರಗೊಟ್ಟಳು. 1992ರ ವಿಶ್ವಕಪ್ಪಿನಲ್ಲಿ ಅವನು ಗಾಳಿಯಲ್ಲಿ ಅಡ್ಡಡ್ಡ ಹಾರಿ ಬಿದ್ದು ಇಂಜಮಾಮನನ್ನು ರನ್ ಔಟ್ ಮಾಡಿದ್ದನ್ನು ಟಿ.ವಿ.ಯಲ್ಲಿ ನೋಡಿದವಳು ಅವಳು. ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ, ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಕರೆದೊಯ್ಯಿರಿ ಎಂಬಲ್ಲಿ ಅವಳೇ ಒಂದು ವಾಕ್ಯ ಸೇರಿಸಿದಳು: ಎಚ್ಚರವಾಗುವವರೆಗೆ ಪಕ್ಕದಲ್ಲಿಯೇ ಇರಿ. ಅದನ್ನು ಓದುವಾಗ ನಾನು ತಲೆಯೆತ್ತಲಿಲ್ಲ.

ಅಪಸ್ಮಾರದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಮನೆಯಲ್ಲಿ ಹಿತ್ತಾಳೆಯದೊಂದು ನಟರಾಜನ ಮೂರ್ತಿ ಇದೆ. ಅವನ ಕಾಲಡಿ ಬಿದ್ದಿರುವ ಕುಳ್ಳನಿಗೆ ಅಪಸ್ಮಾರನೆಂದೇ ಹೆಸರು. ಅಕ್ಕ ಅದನ್ನು ಒರೆಸುವಾಗ, "ಇವನು ನನ್ನ ನೆಂಟ" ಎನ್ನುತ್ತಾಳೆ. "ನೋಡು, ಶಿವನೂ ಇವನನ್ನ ಕೊಂದಿಲ್ಲ, ಅದುಮಿಟ್ಟುಕೊಂಡು ಕುಣೀತಿದ್ದಾನೆ. ನನ್ನ ಮಾತ್ರೆಯೂ ಅಷ್ಟೇ."

2024ರ ಜನವರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಗೆ ಹೋದೆ. ಮಾಟುಂಗದಲ್ಲಿರುವ ಚಿಕ್ಕಪ್ಪನ ಮಗನ ಮನೆಯಲ್ಲಿ ಇಳಿದುಕೊಂಡೆ. ಭಾನುವಾರ ಇನ್ನೂ ಕತ್ತಲಿರುವಾಗಲೇ ಸಿ.ಎಸ್.ಎಂ.ಟಿ. ನಿಲ್ದಾಣದ ಮುಂದೆ ಸಾವಿರಾರು ಜನ. ಎಲ್ಲರೂ ನನ್ನಷ್ಟೇ ಹೆದರಿದಂತೆ ಕಂಡರು. ಸ್ವಲ್ಪ ಧೈರ್ಯ ಬಂತು.

ಮೊದಲರ್ಧದ ವಿಷಯದಲ್ಲಿ ಹೇಳುವುದೇನಿಲ್ಲ. ಮರೀನ್ ಡ್ರೈವಿನ ದೀಪಗಳು, ಹಾಜಿ ಅಲಿಯ ಕಡೆಯಿಂದ ಬರುವ ಉಪ್ಪುಗಾಳಿ, ವರಳಿಯಿಂದ ಬಾಂದ್ರಾದವರೆಗೆ ಕಡಲ ಮೇಲೆ ಚಾಚಿದ ಸೇತುವೆ. ಉಳಿದ ದಿನಗಳಲ್ಲಿ ಆ ಸೇತುವೆಯ ಮೇಲೆ ಕಾಲ್ನಡೆಯವರನ್ನು ಬಿಡುವುದಿಲ್ಲ. ಅಲ್ಲಿ ಬೆಳಕು ಹರಿಯಿತು. ಮಾಹಿಮಿನಲ್ಲಿ ಮನೆಮನೆಯ ಮುಂದೆ ಜನ ನಿಂತು ಕಿತ್ತಳೆ ತೊಳೆ, ಬಿಸ್ಕತ್ತು, ಉಪ್ಪು ಹಿಡಿದುಕೊಂಡು, ಗುರುತಿಲ್ಲದ ನಮ್ಮನ್ನು ಮದುವೆಗೆ ಬಂದ ಬೀಗರಂತೆ ಉಪಚರಿಸಿದರು.

ಮ್ಯಾರಥಾನಿನ ದೂರ 42.195 ಕಿಲೋಮೀಟರು. ಈ ಚಿಲ್ಲರೆ 195 ಮೀಟರು ಏಕೆಂದು ಮೂವತ್ತು ಕಿಲೋಮೀಟರಾದ ಮೇಲೆ ಎಲ್ಲರಿಗೂ ಸಿಟ್ಟು ಬರುತ್ತದಂತೆ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಅರಮನೆಯ ಮುಂದೆ ಹೊರಟು ರಾಜಮನೆತನದವರು ಕುಳಿತ ಆಸನದೆದುರು ಮುಗಿಯಲಿ ಎಂದು ಹೊಂದಿಸಿದ ದೂರ ಅದು. ಆ ಓಟದಲ್ಲಿ ಇಟಲಿಯ ಡೊರಾಂಡೊ ಪಿಯೆತ್ರಿ ಎಲ್ಲರಿಗಿಂತ ಮುಂದಾಗಿ ಕ್ರೀಡಾಂಗಣಕ್ಕೆ ಬಂದು, ಕೊನೆಯ ಸುತ್ತಿನಲ್ಲಿ ಬಿದ್ದ. ಎಬ್ಬಿಸಿದರು, ಮತ್ತೆ ಬಿದ್ದ. ಹೀಗೆ ಹಲವು ಸಲ. ಪರರ ನೆರವು ಪಡೆದನೆಂದು ಅವನ ಗೆಲುವನ್ನು ತಳ್ಳಿಹಾಕಿದರು. ಆದರೆ ಮಾರನೆಯ ದಿನ ರಾಣಿ ಅಲೆಕ್ಸಾಂಡ್ರ ಅವನಿಗೊಂದು ಬಟ್ಟಲನ್ನು ಬಹುಮಾನ ಕೊಟ್ಟಳು. ಗೆದ್ದವನ ಹೆಸರನ್ನು ಈಗ ಪುಸ್ತಕ ತೆಗೆದು ಹುಡುಕಬೇಕು. ಬಿದ್ದವನದು ಓಡುವವರಿಗೆಲ್ಲ ಗೊತ್ತು.

ಪೆಡರ್ ರಸ್ತೆಯ ಏರಿನಲ್ಲಿ, ಮೂವತ್ತಾರನೆಯ ಕಿಲೋಮೀಟರಿನ ಆಸುಪಾಸು, ನನ್ನ ಎಡಗಾಲಿನ ಮೀನಖಂಡ ಕಲ್ಲಿನಂತೆ ಗಂಟುಕಟ್ಟಿತು. ಕನ್ನಡದಲ್ಲಿ ಇದಕ್ಕೂ ಸೆಳೆತವೆನ್ನುತ್ತಾರೆ, ಅಕ್ಕನದಕ್ಕೂ ಸೆಳೆತವೆನ್ನುತ್ತಾರೆ. ಎರಡು ಹೆಜ್ಜೆ ಕುಂಟಿ, ರಸ್ತೆಯ ಮೇಲೆಯೇ ಬಿದ್ದೆ. ಬಿದ್ದ ಕೂಡಲೇ ಜನ ಓಡಿಬಂದರು. ಹಿಂದೆ ಸರಿಯಲಿಲ್ಲ, ಓಡಿಬಂದರು. ಒಬ್ಬ ಹುಡುಗ ನನ್ನ ಕಾಲನ್ನು ತನ್ನ ಎದೆಗೆ ಒತ್ತಿ ಹಿಡಿದು ಪಾದವನ್ನು ಮಡಿಸಿದ. ಒಬ್ಬಾಕೆ ಔಷಧ ಚಿಮುಕಿಸಿದಳು. ಇನ್ನೊಬ್ಬರು ನನ್ನ ಬೆವರಿನ ತಲೆಯನ್ನು ತಮ್ಮ ಮಡಿಲಿನಲ್ಲಿಟ್ಟುಕೊಂಡು ನೀರು ಕುಡಿಸಿದರು. ಸುತ್ತಲೂ ಚಪ್ಪಾಳೆ. ಐವತ್ತೇಳು ವರ್ಷದ ಮುದುಕ ತಾನಾಗಿ ತಂದುಕೊಂಡ ನೋವಿನಿಂದ ಬಿದ್ದಿದ್ದಕ್ಕೆ ಚಪ್ಪಾಳೆ! ಆ ಮಡಿಲಿನಲ್ಲಿ ಮಲಗಿಕೊಂಡು ಕಣ್ಣು ಮುಚ್ಚಿದರೆ ನನಗೆ ಕಂಡದ್ದು ದೇವರಾಜ ಮಾರುಕಟ್ಟೆಯ ಬಯಲು. ಅದರ ಅಂಚಿನಲ್ಲಿ, ದೊಡ್ಡವರ ತೋಳುಗಳ ನಡುವೆ, ಚಡ್ಡಿ ಹಾಕಿಕೊಂಡು ನಿಂತಿದ್ದ ಹುಡುಗ.

"ಬಹುತ್ ದರ್ದ್ ಹೈ, ಅಂಕಲ್?" ಎಂದು ಆ ಹುಡುಗ ಕೇಳಿದ. ನನ್ನ ಕಣ್ಣಲ್ಲಿ ನೀರು ಕಂಡಿತ್ತೆಂದು ಕಾಣುತ್ತದೆ. ಹೌದೆಂದೆ.

ಉಳಿದ ಆರು ಕಿಲೋಮೀಟರನ್ನು ಓಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ನಡೆದೆ, ಕುಂಟಿದೆ, ಫೋಟೋ ತೆಗೆಯುವವರು ಕಂಡಲ್ಲಿ ಮಾತ್ರ ಓಡಿದೆ. ಹೊರಟು ಆರು ಗಂಟೆ ಹತ್ತು ನಿಮಿಷಕ್ಕೆ ಗುರಿ ಮುಟ್ಟಿದೆ. ಕೊರಳಿಗೆ ಪದಕ ಹಾಕಿದರು. ಅಕ್ಕನಿಗೆ ಫೋನು ಮಾಡಿದೆ.

"ಮುಗೀತಾ? ಬಿದ್ದೆಯಾ?" ಎಂದಳು.

"ಒಂದು ಸಲ ಬಿದ್ದೆ."

"ಪಕ್ಕದಲ್ಲಿ ಯಾರಾದರೂ ಇದ್ದರಾ?"

"ಇದ್ದರು" ಎಂದೆ. ಮುಂದೆ ಹೇಳಬೇಕೆಂದಿದ್ದುದು ಗಂಟಲಲ್ಲಿ ನಿಂತಿತು. ಅವಳೂ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಊಟ ಮಾಡು. ರೈಲು ತಪ್ಪಿಸಿಕೊಳ್ಳಬೇಡ" ಎಂದು ಫೋನಿಟ್ಟಳು.

ಒಟ್ಟು ಕೂಡಿದ ಹಣ 1,38,501 ರೂಪಾಯಿ. ಕಡೆಯ ಆ ಒಂದು ರೂಪಾಯಿ ಭಾವನದು. ಎರಡು ಲಕ್ಷವೆಂದು ಹೇಳಿಕೊಂಡು ಹೊರಟಿದ್ದೆ, ಅಷ್ಟಾಗಲಿಲ್ಲ.

ಬೆಂಗಳೂರಿಗೆ ಬಂದ ದಿನ ಮೆಟ್ಟಿಲಿಳಿಯುವುದಕ್ಕೂ ಗೋಡೆ ಹಿಡಿಯಬೇಕಾಗಿತ್ತು. ಅಕ್ಕ ಮೈಕೈಗೆ ಎಣ್ಣೆ ಕಾಯಿಸಿ ಕೊಟ್ಟು, ಗೀಸರು ಹಾಕಿದ್ದೇನೆ, ತಲೆಗೆ ಹಾಕಿಕೊ ಎಂದಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ, ನೋವಿಗೆ ಹಿತವಾಗಲೆಂದು ಒಳ್ಳೆಯ ಬಿಸಿನೀರನ್ನೇ ಬಕೆಟ್ಟಿಗೆ ಬಿಟ್ಟುಕೊಂಡೆ. ಹಬೆ ಎದ್ದಿತು. ಮೊದಲನೆಯ ತಂಬಿಗೆ ಎತ್ತಿದ್ದೆನೋ ಇಲ್ಲವೋ, ಹೊರಗೆ ಅಕ್ಕನ ಧ್ವನಿ:

"ನೀರು ತೀರಾ ಬಿಸಿ ಬೇಡವೋ."

"ಗೊತ್ತು" ಎಂದೆ.